ಬೆಳಕು–ನೀರಿನ ಕಲಾಕಟ್ಟಡಗಳಿಂದ ವಿಜ್ಞಾನದ ಪಾಠಕ್ಕೆ

ಪೀಠಿಕೆ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಒಮ್ಮೆ ಒಂಬತ್ತನೆಯ ತರಗತಿಯ ವಿಜ್ಞಾನ ಪಾಠವನ್ನು ಅವಲೋಕಿಸಲು ಹೋಗಿದ್ದೆ. ಪ್ರಶಿಕ್ಷಣಾರ್ಥಿಯು ಗುಂಪಿಗೊಂದರಂತೆ ಕೆಸುವಿನ ಎಲೆ ಕೊಟ್ಟು, ಅದರ ಮೇಲೆ ನಾಲ್ಕೈದು ಹನಿ ನೀರು ಹಾಕಿಸಿ, "ಏನಾಗುತ್ತದೆ ನೋಡಿ" ಎಂದಷ್ಟೇ ಹೇಳಿ ಹಿಂದೆ ಸರಿದು ನಿಂತರು. ಸುಮಾರು ನಾಲ್ಕು ನಿಮಿಷ ಅವರು ಬಾಯಿ ತೆರೆಯಲಿಲ್ಲ. ಮಕ್ಕಳು ಎಲೆಯನ್ನು ಓರೆ ಮಾಡಿದರು, ಹನಿಗಳನ್ನು ಕೂಡಿಸಿದರು, ಮತ್ತೆ ಬೇರೆ ಮಾಡಿದರು. ಹನಿಯ ಅಡಿಭಾಗ ಬೆಳ್ಳಿಯಂತೆ ಹೊಳೆಯುತ್ತದೆ ಎಂದು ಒಬ್ಬಳು ಪಕ್ಕದವಳಿಗೆ ತೋರಿಸಿದಳು. ಕೊನೆಗೆ ಒಬ್ಬ ಹುಡುಗ ಎದ್ದು ನಿಂತು, "ದೊಡ್ಡ ಹನಿ ಬೇಗ ಉರುಳುತ್ತದೆ, ಸಣ್ಣದು ಯಾಕೆ ಕೂತೇ ಇರುತ್ತದೆ?" ಎಂದು ಕೇಳಿದ.

ನಾನು ಅವಲೋಕನ ಪತ್ರದ ಕಾಲ ನಿರ್ವಹಣೆಯ ಕಲಂನಲ್ಲಿ "4 ನಿಮಿಷ ವ್ಯರ್ಥ" ಎಂದು ಬರೆದು ಎರಡು ಅಂಕ ಕಳೆದೆ. ಹುಡುಗನ ಪ್ರಶ್ನೆ ಪಾಠ ಯೋಜನೆಯಲ್ಲಿ ಇರಲಿಲ್ಲವಾದ್ದರಿಂದ ಅದರ ಬಗ್ಗೆ ಏನನ್ನೂ ಬರೆಯಲಿಲ್ಲ.

ಆ ಹುಡುಗ ಕೇಳಿದ ಪ್ರಶ್ನೆಯೇ ಒಂದು ಇಡೀ ಕಟ್ಟಡದ ಆಧಾರವಾಗಿದೆ ಎಂಬುದು ಆಮೇಲೆ ಜಪಾನಿನ ತೆಶಿಮಾ ದ್ವೀಪದ ಕಲಾ ವಸ್ತುಸಂಗ್ರಹಾಲಯದ ಬಗ್ಗೆ ಓದಿದಾಗ ತಿಳಿಯಿತು. ಬೆಳಕು ಮತ್ತು ನೀರನ್ನೇ ಸಾಮಗ್ರಿಯಾಗಿಸಿಕೊಂಡು ವಾಸ್ತುಶಿಲ್ಪಿಗಳು ಹಾಗೂ ಕಲಾವಿದರು ರಚಿಸಿರುವ ಇಂಥ ಕೃತಿಗಳು ಏನು, ಅವು ಹೇಗೆ ಕೆಲಸ ಮಾಡುತ್ತವೆ, ಅವುಗಳಿಂದ ನಮ್ಮ 40 ನಿಮಿಷದ ಪಾಠಕ್ಕೆ ಏನು ದೊರೆಯುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಳಗೆ ಹೋಗಿ ನೋಡುವ ಕಲೆ

ಚಿತ್ರವನ್ನು ನಾವು ಎದುರಿಗೆ ನಿಂತು ನೋಡುತ್ತೇವೆ, ಶಿಲ್ಪವನ್ನು ಸುತ್ತಿ ನೋಡುತ್ತೇವೆ. ಪ್ರತಿಷ್ಠಾಪನಾ ಕಲೆಯಲ್ಲಿ ನೋಡುಗನು ಕೃತಿಯ ಒಳಗೇ ಹೋಗುತ್ತಾನೆ. ಅವನ ಕಣ್ಣು ಮಾತ್ರವಲ್ಲ, ಪಾದ, ಚರ್ಮ, ಕಿವಿ, ಅಲ್ಲಿ ಅವನು ಕಳೆಯುವ ಸಮಯ ಎಲ್ಲವೂ ಕೃತಿಯ ಭಾಗವಾಗುತ್ತವೆ.

ವಾಸ್ತುಶಿಲ್ಪಿಗಳು ಈ ಕಲೆಗೆ ಬಂದಾಗ ಒಂದು ವಿಶೇಷ ಸಂಭವಿಸುತ್ತದೆ. ಸಾಮಾನ್ಯವಾಗಿ ನೀರನ್ನು ಹೊರಗಿಡುವುದೇ ವಾಸ್ತುಶಿಲ್ಪಿಯ ಕೆಲಸ. ಮಾಡು, ಸೂರು, ಸಜ್ಜೆ, ಗಾರೆ ಎಲ್ಲವೂ ಅದಕ್ಕಾಗಿಯೇ. ಈ ಕೃತಿಗಳಲ್ಲಿ ಅವರು ನೀರನ್ನು ಬೇಕೆಂದೇ ಒಳಗೆ ಕರೆಯುತ್ತಾರೆ. ನಮ್ಮ ಮಕ್ಕಳು ಶಾಲಾ ಪ್ರವಾಸದಲ್ಲಿ ಕೃಷ್ಣರಾಜಸಾಗರದ ಬೃಂದಾವನದಲ್ಲಿ ಬಣ್ಣದ ದೀಪಗಳ ಕಾರಂಜಿಯನ್ನು ನೋಡಿರುತ್ತಾರೆ. ಅಲ್ಲಿಯೂ ಬೆಳಕು ಮತ್ತು ನೀರು ಇವೆ. ಆದರೆ ಅಲ್ಲಿ ನಾವು ಹೊರಗೆ ನಿಂತ ಪ್ರೇಕ್ಷಕರು. ಮುಂದೆ ಹೇಳುವ ಕೃತಿಗಳಲ್ಲಿ ಆ ದೂರವೇ ಇಲ್ಲ.

ಮಂಜಿನಿಂದಾದ ಕಟ್ಟಡ

2002ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಾಷ್ಟ್ರೀಯ ವಸ್ತುಪ್ರದರ್ಶನ ನಡೆಯಿತು. ಅದರ ಅಂಗವಾಗಿ ನ್ಯೂಯಾರ್ಕಿನ ವಾಸ್ತುಶಿಲ್ಪಿಗಳಾದ ಎಲಿಜಬೆತ್ ಡಿಲ್ಲರ್ ಮತ್ತು ರಿಕಾರ್ಡೊ ಸ್ಕೊಫಿಡಿಯೊ ಅವರು ನ್ಯೂಶಾಟೆಲ್ ಸರೋವರದ ನೀರಿನ ಮೇಲೆ 'ಬ್ಲರ್' ಎಂಬ ಕಟ್ಟಡವನ್ನು ನಿರ್ಮಿಸಿದರು. ಬ್ಲರ್ ಎಂದರೆ ಮಸುಕು. ಸುಮಾರು 100 ಮೀಟರ್ ಉದ್ದ, 60 ಮೀಟರ್ ಅಗಲದ ಉಕ್ಕಿನ ಚೌಕಟ್ಟು ಅದರ ಎಲುಬುಗೂಡು. ಅದಕ್ಕೆ ಗೋಡೆ ಇರಲಿಲ್ಲ. ಸರೋವರದ ನೀರನ್ನೇ ಎತ್ತಿ, ಸೋಸಿ, ಅಧಿಕ ಒತ್ತಡದಲ್ಲಿ 30,000ಕ್ಕೂ ಹೆಚ್ಚು ಸೂಕ್ಷ್ಮ ನಳಿಕೆಗಳ ಮೂಲಕ ಸಿಂಪಡಿಸಲಾಗುತ್ತಿತ್ತು. ಅದರಿಂದ ಹುಟ್ಟಿದ ಮಂಜೇ ಕಟ್ಟಡದ ಗೋಡೆ, ಛಾವಣಿ ಎಲ್ಲವೂ ಆಗಿತ್ತು.

ಸಂದರ್ಶಕರು ಮಳೆ ಅಂಗಿ ತೊಟ್ಟು ಉದ್ದನೆಯ ಸೇತುವೆಯ ಮೇಲೆ ನಡೆದು ಮಂಜಿನೊಳಗೆ ಹೋಗುತ್ತಿದ್ದರು. ಒಳಗೆ ಸುತ್ತಲೂ ಬಿಳಿ, ಕಿವಿಗೆ ನಳಿಕೆಗಳ ಸದ್ದು ಮಾತ್ರ. ಮೆಟ್ಟಿಲು ಹತ್ತಿ ಮೇಲಿನ ಅಟ್ಟಕ್ಕೆ ಹೋದರೆ ವಿಮಾನ ಮೋಡದಿಂದ ಹೊರಬಂದಂತೆ ಆಕಾಶ ಕಾಣುತ್ತಿತ್ತು. ವಸ್ತುಪ್ರದರ್ಶನವೆಂದರೆ ನೋಡುವ ವಸ್ತುಗಳ ರಾಶಿ. ಅಂಥ ಕಡೆ ನೋಡಲು ಏನೂ ಇಲ್ಲದ ಸ್ಥಳವನ್ನು ಕಟ್ಟುವುದೇ ಅವರ ಆಲೋಚನೆಯಾಗಿತ್ತು.

ಇದರ ವಿಜ್ಞಾನವನ್ನು ಗಮನಿಸೋಣ. ಮಂಜು ಏಕೆ ಬಿಳಿ? ಗಾಳಿಯ ಅಣುಗಳು ಬೆಳಕಿನ ತರಂಗದೂರಕ್ಕಿಂತ ಬಹಳ ಚಿಕ್ಕವು, ಆದ್ದರಿಂದ ಅವು ನೀಲಿಯನ್ನು ಹೆಚ್ಚಾಗಿ ಚದುರಿಸುತ್ತವೆ. ಮಂಜಿನ ಹನಿಗಳು ತರಂಗದೂರಕ್ಕಿಂತ ಎಷ್ಟೋ ಪಟ್ಟು ದೊಡ್ಡವು, ಆದ್ದರಿಂದ ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಹನಿಯಿಂದ ಹನಿಗೆ ಮತ್ತೆ ಮತ್ತೆ ಚದುರಿದ ಬೆಳಕು ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಕಣ್ಣಿಗೆ ಬರುತ್ತದೆ. ನೆರಳು ಇಲ್ಲವಾಗುತ್ತದೆ, ನೆರಳಿಲ್ಲದೆ ದೂರ–ಹತ್ತಿರದ ಅಂದಾಜು ತಪ್ಪುತ್ತದೆ. ಚಳಿಗಾಲದ ಬೆಳಿಗ್ಗೆ ಮಡಿಕೇರಿಯ ರಸ್ತೆಯಲ್ಲಿ ನಡೆದವರಿಗೆ ಈ ಅನುಭವ ಹೊಸದಲ್ಲ.

ಕಟ್ಟಡದ ಆಕಾರವೂ ಸ್ಥಿರವಾಗಿರಲಿಲ್ಲ. ಒಣ ಹವೆಯಲ್ಲಿ ಹನಿಗಳು ಬೇಗ ಆವಿಯಾಗುತ್ತವೆ. ತೇವದ ಹವೆಯಲ್ಲಿ ಅವು ಉಳಿದು ಮಂಜು ದಟ್ಟವಾಗುತ್ತದೆ. ಗಾಳಿ ಬೀಸಿದರೆ ಮಂಜು ಬಾಲದಂತೆ ಒಂದು ಕಡೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ತಾಪ, ಆರ್ದ್ರತೆ, ಗಾಳಿಯ ವೇಗ ಮತ್ತು ದಿಕ್ಕನ್ನು ಅಳೆದು ನೀರಿನ ಒತ್ತಡವನ್ನು ಹೊಂದಿಸುವ ಕಂಪ್ಯೂಟರ್ ವ್ಯವಸ್ಥೆ ಅಲ್ಲಿತ್ತು. ಕಟ್ಟಡದ ರೂಪವನ್ನು ನಿರ್ಧರಿಸುವುದರಲ್ಲಿ ವಾಸ್ತುಶಿಲ್ಪಿಗಳಷ್ಟೇ ಪಾಲು ಅಂದಿನ ಹವಾಮಾನಕ್ಕೂ ಇತ್ತು.

ಶುದ್ಧ ನೀರಿನ ಮಂಜನ್ನು ಕಲೆಯ ಸಾಮಗ್ರಿಯಾಗಿಸಿದ ಕೆಲಸ ಇದಕ್ಕೂ ಹಿಂದಿನದು. 1970ರಲ್ಲಿ ಜಪಾನಿನ ಒಸಾಕಾ ವಿಶ್ವ ವಸ್ತುಪ್ರದರ್ಶನದ ಪೆಪ್ಸಿ ಮಂಟಪವನ್ನು ಕಲಾವಿದೆ ಫುಜಿಕೊ ನಕಾಯಾ ಅವರು ಮಂಜಿನಿಂದ ಮುಚ್ಚಿದ್ದರು. ಪ್ರಯೋಗಶಾಲೆಯಲ್ಲಿ ಮೊದಲ ಬಾರಿಗೆ ಕೃತಕ ಹಿಮಹರಳನ್ನು ಬೆಳೆಸಿದ ಭೌತವಿಜ್ಞಾನಿ ಉಕಿಚಿರೊ ನಕಾಯಾ ಅವರ ಮಗಳು ಆಕೆ. ತಂದೆ ಮತ್ತು ಮಗಳು ಇಬ್ಬರೂ ಕೆಲಸ ಮಾಡಿದ್ದು ನೀರಿನ ರೂಪಾಂತರದ ಮೇಲೆಯೇ. ವಿಜ್ಞಾನ ಮತ್ತು ಕಲಾ ಶಿಕ್ಷಣವನ್ನು ಬೇರೆ ಬೇರೆ ಕೊಠಡಿಗಳಲ್ಲಿಟ್ಟಿರುವ ನಾವು ಇದನ್ನು ನೆನಪಿಡಬೇಕು.

ನೀರು ಹುಟ್ಟುವ ನೆಲ

ಈಗ ಮೊದಲು ಹೆಸರಿಸಿದ ತೆಶಿಮಾಕ್ಕೆ ಬರೋಣ. ಇದು ಜಪಾನಿನ ಸೆಟೊ ಒಳನಾಡು ಸಮುದ್ರದಲ್ಲಿರುವ ಸಣ್ಣ ದ್ವೀಪ. ವರ್ಷಗಳ ಕಾಲ ಅಕ್ರಮವಾಗಿ ಸುರಿದ ಕೈಗಾರಿಕಾ ತ್ಯಾಜ್ಯದಿಂದ ನಲುಗಿ, ಅದರ ವಿರುದ್ಧ ಅಲ್ಲಿನ ನಿವಾಸಿಗಳು ದೀರ್ಘ ಹೋರಾಟ ನಡೆಸಿದ ಸ್ಥಳವದು. ಆ ದ್ವೀಪದ ಗುಡ್ಡವೊಂದರ ಇಳಿಜಾರಿನಲ್ಲಿ, ಪಾಳುಬಿದ್ದು ಮತ್ತೆ ಸಾಗುವಳಿಗೆ ಬಂದ ಭತ್ತದ ಮೆಟ್ಟಿಲು ಗದ್ದೆಗಳ ಪಕ್ಕದಲ್ಲಿ, 2010ರಲ್ಲಿ ಈ ಕಲಾ ವಸ್ತುಸಂಗ್ರಹಾಲಯ ತೆರೆಯಿತು. ವಾಸ್ತುಶಿಲ್ಪಿ ರ್ಯೂಯೆ ನಿಶಿಜಾವಾ, ಕಲಾವಿದೆ ರೇಯಿ ನಾಯಿಟೊ.

ವಸ್ತುಸಂಗ್ರಹಾಲಯ ಎಂದು ಹೆಸರಿದ್ದರೂ ಒಳಗೆ ವಸ್ತುಗಳ ಸಂಗ್ರಹವಿಲ್ಲ. ನೀರಿನ ಹನಿಯ ಆಕಾರದ ಒಂದೇ ಕಾಂಕ್ರೀಟ್ ಚಿಪ್ಪು. ಅದರ ವಿಸ್ತಾರ ಸುಮಾರು 40 ಮೀಟರ್ ಮತ್ತು 60 ಮೀಟರ್, ಅತಿ ಹೆಚ್ಚಿನ ಎತ್ತರ ಸುಮಾರು 4.5 ಮೀಟರ್, ಚಿಪ್ಪಿನ ದಪ್ಪ 25 ಸೆಂಟಿಮೀಟರ್. ಒಂದು ಕಂಬವೂ ಇಲ್ಲ. ಮಣ್ಣನ್ನು ಗುಡ್ಡೆ ಹಾಕಿ, ಅದನ್ನೇ ಅಚ್ಚಾಗಿ ಬಳಸಿ ಮೇಲೆ ಕಾಂಕ್ರೀಟ್ ಸುರಿದು, ಗಟ್ಟಿಯಾದ ಮೇಲೆ ಒಳಗಿನ ಮಣ್ಣನ್ನು ತೋಡಿ ತೆಗೆದರು. ಚಿಪ್ಪಿನಲ್ಲಿ ಎರಡು ದೊಡ್ಡ ಅಂಡಾಕಾರದ ತೆರೆಗಳಿವೆ. ಅವಕ್ಕೆ ಗಾಜು ಹಾಕಿಲ್ಲ. ಬಿಸಿಲು, ಮಳೆ, ಗಾಳಿ, ಹಕ್ಕಿಯ ಕೂಗು, ಕೀಟ ಎಲ್ಲವೂ ಒಳಗೆ ಬರುತ್ತವೆ.

ಸಂದರ್ಶಕರು ಪಾದರಕ್ಷೆ ಬಿಟ್ಟು, ಮಾತು ನಿಲ್ಲಿಸಿ ಒಳಗೆ ಹೋಗುತ್ತಾರೆ. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ನೆಲವನ್ನು ನೋಡಿದರೆ ಅಲ್ಲಲ್ಲಿ ಸಣ್ಣ ಹನಿಗಳು. ನೆಲದಲ್ಲಿರುವ ಸೂಕ್ಷ್ಮ ರಂಧ್ರಗಳಿಂದ ಅಂತರ್ಜಲ ಹನಿಹನಿಯಾಗಿ ಮೇಲೆ ಬರುತ್ತಿರುತ್ತದೆ. ಹನಿ ಸ್ವಲ್ಪ ಹೊತ್ತು ಹಾಗೆಯೇ ಕೂತಿರುತ್ತದೆ. ಪಕ್ಕದ ಹನಿಯೊಂದು ಬಂದು ಸೇರುತ್ತಲೇ ಎರಡೂ ಒಂದಾಗಿ, ಜೀವ ಬಂದಂತೆ ಸರ್ರನೆ ಓಡಿ, ಇನ್ನೊಂದನ್ನು ಸೇರಿ, ಕೊನೆಗೆ ಕೆಳಗಿನ ಚಿಕ್ಕ ಕೊಳವನ್ನು ಮುಟ್ಟುತ್ತದೆ. ತೆರೆಯಿಂದ ಬಿದ್ದ ಬಿಸಿಲಿನ ತುಂಡು ಅದೇ ನೆಲದ ಮೇಲೆ ನಿಧಾನವಾಗಿ ಸರಿಯುತ್ತಿರುತ್ತದೆ.

ನಮ್ಮ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ನೆಲ ನೀರನ್ನು ಹೀರದಂತೆ, ನೀರು ಅಂಟದಂತೆ ಸಂಸ್ಕರಿಸಿದ ನೆಲ. ನೀರಿನ ಅಣುಗಳಿಗೆ ನೆಲದ ಮೇಲಿರುವ ಸೆಳೆತಕ್ಕಿಂತ ತಮ್ಮತಮ್ಮಲ್ಲಿರುವ ಸೆಳೆತ ಹೆಚ್ಚು. ಆದ್ದರಿಂದ ಮೇಲ್ಮೈ ಕರ್ಷಣವು ನೀರನ್ನು ಹರಡಲು ಬಿಡದೆ ಗುಂಡಗೆ ಹಿಡಿದಿಡುತ್ತದೆ. ನೆಲಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರಿದೆ. ಹನಿಯನ್ನು ಕೆಳಗೆ ಎಳೆಯುವುದು ಅದರ ತೂಕ. ತಡೆಹಿಡಿಯುವುದು ಹನಿ ನೆಲವನ್ನು ಮುಟ್ಟುವ ಅಂಚಿನ ಹಿಡಿತ. ಹನಿಯ ಅಗಲ ಎರಡು ಪಟ್ಟಾದರೆ ಅಂಚಿನ ಹಿಡಿತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಆದರೆ ತೂಕ ಎಂಟು ಪಟ್ಟಾಗುತ್ತದೆ. ಒಂದು ಹಂತದಲ್ಲಿ ತೂಕ ಗೆಲ್ಲುತ್ತದೆ. ಅದಕ್ಕೇ ಸಣ್ಣ ಹನಿ ಕೂರುತ್ತದೆ, ದೊಡ್ಡದು ಓಡುತ್ತದೆ. ಕೆಸುವಿನ ಎಲೆಯ ಮೇಲೆ ನಡೆಯುವುದೂ ಇದೇ. ಎಲೆಯ ಮೇಣದಂಥ ಸೂಕ್ಷ್ಮ ಉಬ್ಬುಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಗಾಳಿಯ ಪದರದಲ್ಲಿ ಬೆಳಕು ಪೂರ್ಣ ಆಂತರಿಕ ಪ್ರತಿಫಲನ ಹೊಂದುವುದರಿಂದಲೇ ಹನಿಯ ಅಡಿ ಬೆಳ್ಳಿಯಂತೆ ಹೊಳೆಯುತ್ತದೆ. ಆ ಹುಡುಗಿ ಪಕ್ಕದವಳಿಗೆ ತೋರಿಸಿದ್ದು ಹತ್ತನೆಯ ತರಗತಿಯನ್ನೂ ದಾಟಿದ ವಿಷಯ.

ಒಬ್ಬೊಬ್ಬರಿಗೆ ಒಂದೊಂದು ಕಾಮನಬಿಲ್ಲು

ಮೂರನೆಯ ಉದಾಹರಣೆ ವಾಸ್ತುಶಿಲ್ಪಿಯದಲ್ಲ, ವಾಸ್ತುಶಿಲ್ಪಿಗಳೊಂದಿಗೆ ಕೆಲಸ ಮಾಡುವ ಕಲಾವಿದ ಓಲಾಫುರ್ ಎಲಿಯಾಸನ್ ಅವರದು. ಅವರು ವಾಸ್ತುಶಿಲ್ಪಿ ಸೆಬಾಸ್ಟಿಯನ್ ಬೆಹ್ಮನ್ ಅವರೊಂದಿಗೆ 2014ರಲ್ಲಿ ಒಂದು ವಿನ್ಯಾಸ ಸಂಸ್ಥೆಯನ್ನೂ ಆರಂಭಿಸಿದರು. 1993ರ 'ಬ್ಯೂಟಿ' ಎಂಬ ಅವರ ಕೃತಿ ತೀರಾ ಸರಳ. ಕತ್ತಲೆಯ ಕೋಣೆ, ತೂತು ಮಾಡಿದ ಕೊಳವೆಯಿಂದ ಇಳಿಯುವ ನೀರಿನ ತುಂತುರು ಪರದೆ, ಅದರ ಮೇಲೆ ಒಂದು ದೀಪ. ಸರಿಯಾದ ಕೋನದಲ್ಲಿ ನಿಂತವರಿಗೆ ಕಾಮನಬಿಲ್ಲು ಕಾಣುತ್ತದೆ. ಒಂದು ಹೆಜ್ಜೆ ಸರಿದರೆ ಬಿಲ್ಲು ಬದಲಾಗುತ್ತದೆ ಅಥವಾ ಮಾಯವಾಗುತ್ತದೆ.

ಸೂರ್ಯನ ಬೆಳಕಿನಲ್ಲಿ ಕೆಂಪು ಬಣ್ಣ ಸುಮಾರು 42 ಡಿಗ್ರಿ ಕೋನದಲ್ಲಿ, ನೇರಳೆ ಸುಮಾರು 40 ಡಿಗ್ರಿ ಕೋನದಲ್ಲಿ ಕಾಣುತ್ತದೆ. ಈ ಕೋನವನ್ನು ಅಳೆಯಬೇಕಾದ್ದು ನೋಡುವವರ ತಲೆಯ ನೆರಳು ಬೀಳುವ ದಿಕ್ಕಿನಿಂದ. ಇಬ್ಬರ ಕಣ್ಣು ಒಂದೇ ಸ್ಥಳದಲ್ಲಿ ಇರಲು ಸಾಧ್ಯವಿಲ್ಲವಾದ್ದರಿಂದ ಇಬ್ಬರಿಗೆ ಕಾಣುವ ಬಿಲ್ಲು ಬೇರೆ ಬೇರೆ ಹನಿಗಳಿಂದ ಆದದ್ದು. ಪಠ್ಯಪುಸ್ತಕದ ಚಿತ್ರದಲ್ಲಿ ಒಂದು ಹನಿ, ಒಂದು ಕಿರಣ ಇರುತ್ತವೆ. ನೋಡುವವರು ಸ್ವತಃ ಆ ಚಿತ್ರದ ಭಾಗ ಎಂಬುದನ್ನು ಮಕ್ಕಳು ಅಲ್ಲಿ ನಿಂತಾಗ ಮಾತ್ರ ಕಾಣುತ್ತಾರೆ.

ತರಗತಿಗೆ ತರುವ ಬಗೆ

ಈ ಮೂರೂ ಕೃತಿಗಳಲ್ಲಿ ಕರ್ತೃಗಳು ಏನನ್ನೂ ವಿವರಿಸುವುದಿಲ್ಲ. ಹಾಗೆಂದು ಸುಮ್ಮನೆ ಕುಳಿತವರೂ ಅಲ್ಲ. ತೆಶಿಮಾದಲ್ಲಿ ಹನಿ "ತಾನಾಗಿಯೇ" ಓಡಬೇಕಾದರೆ ನೆಲದ ಇಳಿಜಾರು, ಸಂಸ್ಕರಣೆ, ರಂಧ್ರದ ಗಾತ್ರ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿರಬೇಕು. ಸಿದ್ಧತೆ ಪೂರ್ಣವಾಗಿರುವುದರಿಂದಲೇ ಮಾತು ಅನಗತ್ಯವಾಗಿದೆ. ಶಿಕ್ಷಕರಿಗೂ ಈ ಮಾತು ಅನ್ವಯಿಸುತ್ತದೆ. ಸಿದ್ಧತೆಯಿಲ್ಲದ ಮೌನ ಬರೀ ನಿರ್ಲಕ್ಷ್ಯ. ಸನ್ನಿವೇಶವನ್ನು ಕಟ್ಟಿ, ಹಿಂದೆ ಸರಿದು, ಬಂದ ಪ್ರಶ್ನೆಯನ್ನು ಎತ್ತಿಕೊಂಡರೆ ಅದೇ ಮೌನ ಬೋಧನೆಯಾಗುತ್ತದೆ. 5ಇ ಮಾದರಿಯಲ್ಲಿ ಪರಿಶೋಧನೆಯ ಹಂತ ವಿವರಣೆಗಿಂತ ಮೊದಲು ಬರುವುದು ಇದಕ್ಕಾಗಿಯೇ. ಆದರೆ ನಮ್ಮ ಬಹುತೇಕ ಪಾಠ ಯೋಜನೆಗಳಲ್ಲಿ ಅದು ಎರಡು ನಿಮಿಷದ ಔಪಚಾರಿಕತೆಯಾಗಿ ಉಳಿದಿದೆ.

ಯಾವುದೇ ಶಾಲೆಯಲ್ಲಿ ಮಾಡಬಹುದಾದ ಮೂರು ಚಟುವಟಿಕೆಗಳು ಇಲ್ಲಿವೆ.

ಚಟುವಟಿಕೆ 1: ಎಲೆ ಮತ್ತು ಹನಿ. ಗುಂಪಿಗೆ ಒಂದು ಕೆಸುವಿನ ಎಲೆ ಅಥವಾ ತಾವರೆ ಎಲೆ, ಒಂದು ಮಾವಿನ ಎಲೆ, ಅರ್ಧ ಲೋಟ ನೀರು, ಒಂದು ಹೀರುಗೊಳವೆ. ಎಲೆ ಸಿಗದಿದ್ದರೆ ಮೇಣದಬತ್ತಿ ಉಜ್ಜಿದ ಕಾಗದ ಸಾಕು. ಎರಡೂ ಎಲೆಗಳ ಮೇಲೆ ಬೇರೆ ಬೇರೆ ಗಾತ್ರದ ಹನಿ ಇಟ್ಟು, ಯಾವ ಓರೆಯಲ್ಲಿ ಯಾವುದು ಹೊರಡುತ್ತದೆ ಎಂದು ಮಕ್ಕಳು ಗುರುತಿಸಲಿ. ಐದು ನಿಮಿಷ ಶಿಕ್ಷಕರು ಮಾತನಾಡಬಾರದು. ನಂತರ ಮಕ್ಕಳ ಮಾತುಗಳನ್ನೇ ಕಪ್ಪುಹಲಗೆಯ ಮೇಲೆ ಬರೆದು, ಕೊನೆಗೆ 'ಮೇಲ್ಮೈ ಕರ್ಷಣ' ಎಂಬ ಪದವನ್ನು ಕೊಡಬೇಕು. ಕೆಸುವಿನ ರಸ ತಾಗಿದರೆ ತುರಿಸುವುದರಿಂದ ದಂಟನ್ನು ಮುರಿಯದೆ ಬಳಸಿ, ಕೊನೆಗೆ ಕೈ ತೊಳೆಸಬೇಕು.

ಚಟುವಟಿಕೆ 2: ಬೆಳಕಿಂಡಿ. ಬಿಸಿಲು ಬೀಳುವ ಕಿಟಕಿಯನ್ನು ರಟ್ಟಿನಿಂದ ಮುಚ್ಚಿ ಪೆನ್ಸಿಲ್ ತುದಿಯಷ್ಟು ತೂತು ಮಾಡಿ. 3 ಮೀಟರ್ ದೂರದಲ್ಲಿ ಕಿರಣಕ್ಕೆ ಎದುರಾಗಿ ಬಿಳಿ ಹಾಳೆ ಹಿಡಿದರೆ ಸುಮಾರು 3 ಸೆಂಟಿಮೀಟರ್ ಅಗಲದ ದುಂಡು ಬೆಳಕು ಬೀಳುತ್ತದೆ. ತೂತು ಚೌಕವಾಗಿದ್ದರೂ ಬೆಳಕು ದುಂಡಗೇ ಇರುತ್ತದೆ, ಏಕೆಂದರೆ ಅದು ಸೂರ್ಯನ ಬಿಂಬ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಗೋಪುರದ ತಲೆಕೆಳಗಾದ ನೆರಳು ಬೀಳುವುದೂ ಇದೇ ತತ್ತ್ವದಿಂದ. ಹಾಳೆಯನ್ನು ಅಲುಗದಂತೆ ಒರಗಿಸಿ, ಬೆಳಕಿನ ಸುತ್ತ ಗೆರೆ ಎಳೆದು ಎರಡು ನಿಮಿಷ ಕಾಯಿರಿ. ಬಿಂಬವು ಹೆಚ್ಚುಕಡಿಮೆ ತನ್ನ ಅಗಲದಷ್ಟೇ ಸರಿದಿರುತ್ತದೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಭೂಮಿ ಗಂಟೆಗೆ 15 ಡಿಗ್ರಿ, ಅಂದರೆ ಎರಡು ನಿಮಿಷಕ್ಕೆ ಅರ್ಧ ಡಿಗ್ರಿ ತಿರುಗುತ್ತದೆ. ಇನ್ನು ಕಿರಣದ ದಾರಿಯಲ್ಲಿ ಡಸ್ಟರ್ ಅನ್ನು ಒಮ್ಮೆ ತಟ್ಟಿದರೆ ಅದುವರೆಗೆ ಕಾಣದಿದ್ದ ಬೆಳಕಿನ ಕೋಲು ಎದ್ದು ಕಾಣುತ್ತದೆ. ಟಿಂಡಲ್ ಪರಿಣಾಮದ ಹೆಸರನ್ನು ಆಮೇಲೆ ಹೇಳಿ. ತೂತಿಗೆ ಕಣ್ಣಿಟ್ಟು ಸೂರ್ಯನನ್ನು ಯಾರೂ ನೋಡದಂತೆ ಎಚ್ಚರ ವಹಿಸಿ.

ಚಟುವಟಿಕೆ 3: ಬೆನ್ನಿಗೆ ಸೂರ್ಯ. ಕ್ಷೌರದಂಗಡಿಯಲ್ಲಿ ಬಳಸುವಂಥ ನೀರು ಸಿಂಪಡಿಸುವ ಬಾಟಲಿ ಸಾಕು. ಸೂರ್ಯ ಕೆಳಗಿರುವ ಬೆಳಗಿನ ಪ್ರಾರ್ಥನೆಯ ಹೊತ್ತು ಅಥವಾ ಸಂಜೆಯ ಆಟದ ಅವಧಿ ಸೂಕ್ತ. ಬೆನ್ನಿಗೆ ಸೂರ್ಯ, ಮುಂದೆ ನೆರಳಿನ ಗೋಡೆ ಅಥವಾ ಮರ ಇರಲಿ. ಕೈ ಚಾಚಿ ಹರಡಿದ ಒಂದು ಗೇಣು ಸುಮಾರು 20 ಡಿಗ್ರಿ. ತನ್ನ ತಲೆಯ ನೆರಳಿನಿಂದ ಎರಡು ಗೇಣು ಆಚೆ ತುಂತುರು ಹಾಕಿದರೆ ಬಿಲ್ಲು ಸಿಗುತ್ತದೆ. ಅಕ್ಕಪಕ್ಕ ನಿಂತ ಇಬ್ಬರು ತಮಗೆ ಕೆಂಪು ಕಾಣುವ ಸ್ಥಳವನ್ನು ಬೆರಳಿಟ್ಟು ತೋರಿಸಲಿ. ಬೆರಳುಗಳು ಬೇರೆ ಕಡೆ ಹೋಗುತ್ತವೆ. ಯಾರದು ಸರಿ ಎಂಬ ವಾದ ಶುರುವಾದರೆ ಪಾಠ ಶುರುವಾಯಿತೆಂದು ತಿಳಿಯಿರಿ.

ಎರಡು ಆಕ್ಷೇಪಗಳು

ಮೊದಲನೆಯದು ನೀರಿನದು. ಬೇಸಿಗೆಯಲ್ಲಿ ಕೊಡ ಹಿಡಿದು ನಲ್ಲಿಯ ಮುಂದೆ ಸಾಲು ನಿಲ್ಲುವ ಮಕ್ಕಳ ಮುಂದೆ ನೀರನ್ನು ಆಟವಾಗಿಸುವುದು ಸರಿಯೇ? ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಮೇಲಿನ ಚಟುವಟಿಕೆಗಳಿಗೆ ಇಡೀ ತರಗತಿಗೆ ಒಂದು ತಂಬಿಗೆ ನೀರಿಗಿಂತ ಹೆಚ್ಚು ಬೇಡ, ಉಳಿದದ್ದು ಶಾಲೆಯ ಗಿಡಕ್ಕೆ. ಒಂದು ಹನಿಯನ್ನು ಐದು ನಿಮಿಷ ಗಮನಿಸಿದ ಮಗುವಿಗೆ ನೀರಿನ ಬೆಲೆಯ ಬಗ್ಗೆ ಬೇರೆ ಉಪದೇಶ ಅಷ್ಟಾಗಿ ಬೇಕಾಗದು. ದೊಡ್ಡ ಮಕ್ಕಳಾದರೆ ಇಂಥ ಕಲಾಕೃತಿಗಳಿಗೆ ನೀರು ಮತ್ತು ವಿದ್ಯುತ್ತು ಬಳಸುವುದು ಎಷ್ಟು ಸರಿ ಎಂಬುದನ್ನೇ ಚರ್ಚೆಗೆ ಇಡಬಹುದು.

ಎರಡನೆಯದು ಸಮಯದ್ದು. "ಪಠ್ಯ ಮುಗಿಯುವುದಿಲ್ಲ" ಎಂಬುದು ಎಲ್ಲ ಶಾಲೆಗಳಲ್ಲೂ ಕೇಳಿಬರುವ ಮಾತು, ಅದು ಸುಳ್ಳೂ ಅಲ್ಲ. ಪ್ರತಿ ಪಾಠಕ್ಕೂ ಹೀಗೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಒಂದು ಘಟಕಕ್ಕೆ ಒಮ್ಮೆ, ಐದು ನಿಮಿಷ ಸಾಕು. ಆ ಐದು ನಿಮಿಷದಲ್ಲಿ ಮಕ್ಕಳು ಕಂಡದ್ದನ್ನು ಆಧರಿಸಿ ವಿವರಿಸಿದರೆ, ಮುಂದೆ ಅದೇ ವ್ಯಾಖ್ಯೆಯನ್ನು ಮತ್ತೆ ಮತ್ತೆ ಹೇಳುವ ಹೊರೆ ಕಡಿಮೆಯಾಗುತ್ತದೆ.

ಉಪಸಂಹಾರ

ಆ ಪ್ರಶಿಕ್ಷಣಾರ್ಥಿಯ ಎರಡು ಅಂಕಗಳನ್ನು ಈಗ ಹಿಂದಿರುಗಿಸಲು ಆಗದು. ಆದರೆ ಅದಾದ ಮೇಲೆ ನನ್ನ ಅವಲೋಕನ ಟಿಪ್ಪಣಿಯಲ್ಲಿ ಮೂರು ಸಾಲು ಸೇರಿಸಿಕೊಂಡಿದ್ದೇನೆ: ಶಿಕ್ಷಕರು ಸುಮ್ಮನಿದ್ದಾಗ ಮಕ್ಕಳು ಏನು ಮಾಡುತ್ತಿದ್ದರು? ಯೋಜನೆಯಲ್ಲಿ ಇಲ್ಲದ ಪ್ರಶ್ನೆ ಬಂದಿತೇ? ಬಂದದ್ದನ್ನು ಶಿಕ್ಷಕರು ಎತ್ತಿಕೊಂಡರೇ? ಈ ಮೂರಕ್ಕೂ ಉತ್ತರ ಬರೆಯಬೇಕಾದರೆ ಅವಲೋಕಿಸುವವರು ಹಿಂದಿನ ಬೆಂಚಿನಲ್ಲಿ ಕುಳಿತು ಗಡಿಯಾರ ನೋಡುವುದನ್ನು ಬಿಟ್ಟು, ಎದ್ದು ಹೋಗಿ ಮಕ್ಕಳ ಎಲೆಯನ್ನು ನೋಡಬೇಕಾಗುತ್ತದೆ. ಅಂದು ನಾನು ಅದನ್ನು ಮಾಡಿರಲಿಲ್ಲ.

ಚರ್ಚೆಗೆ

1. ನಿಮ್ಮ ಮುಂದಿನ ಪಾಠದಲ್ಲಿ ವ್ಯಾಖ್ಯೆಗಿಂತ ಮೊದಲು ಮಕ್ಕಳು ಏನನ್ನು ಕಾಣಬಹುದು? ಅದಕ್ಕೆ ಬೇಕಾದ ಸಿದ್ಧತೆಯನ್ನು ಪಟ್ಟಿ ಮಾಡಿ.

2. ಸಿದ್ಧತೆಯುಳ್ಳ ಮೌನವನ್ನು ಸಿದ್ಧತೆಯಿಲ್ಲದ ಮೌನದಿಂದ ಅವಲೋಕಿಸುವವರು ಹೇಗೆ ಗುರುತಿಸಬಹುದು?

3. ನಿಮ್ಮ ಶಾಲೆಯ ಕಟ್ಟಡದಲ್ಲಿ ಬೆಳಕು ಅಥವಾ ಮಳೆನೀರು ದಿನವೂ ಏನನ್ನಾದರೂ ತೋರಿಸುತ್ತಿರುವ ಒಂದು ಸ್ಥಳವನ್ನು ಗುರುತಿಸಿ, ಅದರ ಮೇಲೆ ಒಂದು ಕಿರುಪಾಠ ಯೋಜಿಸಿ.